ಮಳೆ ಅಳೆಯುವವರು, ಬರ ಸಾರುವವರು

ಮಳೆ ಕೈಕೊಟ್ಟ ದಿನ ಬೇರೆ, ಬರ ಬಂದ ದಿನ ಬೇರೆ. ಮೊದಲನೆಯದು ರೈತನಿಗೆ ತಾನಾಗಿ ಗೊತ್ತಾಗುತ್ತದೆ. ಎರಡನೆಯದನ್ನು ಸರ್ಕಾರ ಗೊತ್ತುಪಡಿಸುತ್ತದೆ. 2023ರ ಮುಂಗಾರು ತಡವಾಗಿ ಬಂತು. ಆಗಸ್ಟ್ ತಿಂಗಳಂತೂ ಪೂರ್ತಿ ಕೈಬಿಟ್ಟಿತು. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಬಯಲುಸೀಮೆಯ ಒಣಬೇಸಾಯದಲ್ಲಿ ರಾಗಿ, ಕಡಲೆಕಾಯಿಯ ವರ್ಷದ ಲೆಕ್ಕ ತೀರ್ಮಾನವಾಗುವುದೇ ಈ ದಿನಗಳಲ್ಲಿ. ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ್ದು ಸೆಪ್ಟೆಂಬರ್ ಮಧ್ಯದಲ್ಲಿ. ನವೆಂಬರ್ ಹೊತ್ತಿಗೆ ಪಟ್ಟಿ ಬೆಳೆದು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಅದರಲ್ಲಿ ಸೇರಿದವು. ಚಿಕ್ಕಬಳ್ಳಾಪುರ ಜಿಲ್ಲೆಯೂ ಅದರಲ್ಲಿತ್ತು. ಕೇಂದ್ರದಿಂದ ಪರಿಹಾರದ ಹಣ ಬಿಡುಗಡೆಯಾದದ್ದು ಮರುವರ್ಷ ಏಪ್ರಿಲ್ ಕೊನೆಗೆ. ಅದೂ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ.

ಹಾಗೆಂದು ಮಳೆ ಬಿದ್ದಿಲ್ಲವೆಂಬ ಸುದ್ದಿ ರಾಜಧಾನಿಗೆ ತಲುಪಿರಲಿಲ್ಲವೆಂದಲ್ಲ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳ ಸಂಖ್ಯೆ 6 ಸಾವಿರಕ್ಕೂ ಹೆಚ್ಚು. ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಅಂಕಿ ಕೇಂದ್ರಕ್ಕೆ ಬಂದು ಬೀಳುತ್ತದೆ. ಯಾವ ಹೋಬಳಿಯಲ್ಲಿ ಎಷ್ಟು ದಿನದಿಂದ ಹನಿ ಬಿದ್ದಿಲ್ಲ ಎಂಬುದು ಅಲ್ಲಿನ ವಿಜ್ಞಾನಿಗಳಿಗೆ ಅಂದಂದೇ ಗೊತ್ತು. ಆದರೆ ಬರ ಸಾರುವ ಅಧಿಕಾರ ಅವರಿಗಿಲ್ಲ. ಅವರು ಹೇಳಬಹುದು, ಅಷ್ಟೆ.

ಹವಾಮಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಗಳು ಸಲಹೆ ಕೊಟ್ಟು ಸುಮ್ಮನಿರಬೇಕೇ, ಅಥವಾ ಅವುಗಳ ಕೈಗೆ ಕಾರ್ಯಾಧಿಕಾರವನ್ನೂ ಕೊಡಬೇಕೇ ಎಂಬ ಚರ್ಚೆ ಈಗ ಜಗತ್ತಿನ ಎಲ್ಲೆಡೆ ಇದೆ. ಇದನ್ನು ಹೊಸ ಪ್ರಶ್ನೆ ಎಂದುಕೊಳ್ಳುವವರೇ ಹೆಚ್ಚು. ಹಾಗೆ ನೋಡಿದರೆ ಕೋಲಾರ ಸೀಮೆಗೆ ಇದು ಕಡೇಪಕ್ಷ ನೂರೈವತ್ತು ವರ್ಷಗಳಷ್ಟು ಹಳೆಯದು. (2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಚಿಂತಾಮಣಿ ಇದ್ದದ್ದು ಕೋಲಾರ ಜಿಲ್ಲೆಯಲ್ಲೇ.)

ಹಿರಿಯರ ನೆನಪಿನಲ್ಲಿ ಅದು ಧಾತು-ಈಶ್ವರ ಸಂವತ್ಸರಗಳ ಬರ. ಇತಿಹಾಸದ ಪುಸ್ತಕಗಳಲ್ಲಿ 1876-78ರ ಮಹಾಕ್ಷಾಮ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯನ್ನು ಬಿಟ್ಟು, ಬರೀ ಕಳೆಯುವ ಲೆಕ್ಕದಲ್ಲೇ 8 ಲಕ್ಷ 69 ಸಾವಿರ ಮಂದಿ ಇಲ್ಲವಾಗಿದ್ದರು. ಬರದ ಹೊಡೆತ ಹೆಚ್ಚು ಬಿದ್ದ ಕಡೆಗಳಲ್ಲಿ ಕೋಲಾರ ಜಿಲ್ಲೆಯೂ ಒಂದು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಪಾಗ್ನಿ, ಚಿತ್ರಾವತಿ, ಪಿನಾಕಿನಿಗಳು ಮಳೆಯಿದ್ದಾಗ ನದಿಗಳು, ಮಿಕ್ಕಂತೆ ಮರಳು. ಊರು ಬದುಕಿದ್ದು ಕೆರೆಯ ಮೇಲೆ. ಕೆರೆ ತುಂಬುವುದು ಮಳೆಯಿಂದ.

ಆ ಕ್ಷಾಮಕ್ಕೆ ಒಂದು ವರ್ಷ ಮುಂಚೆ, 1875ರಲ್ಲಿ, ಭಾರತೀಯ ಹವಾಮಾನ ಇಲಾಖೆ ಹುಟ್ಟಿತ್ತೆಂಬುದು ಸ್ವಾರಸ್ಯದ ಸಂಗತಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಆತನ ಹುದ್ದೆಯ ಹೆಸರೇ ‘ಹವಾಮಾನ ವರದಿಗಾರ’ ಎಂದು. ಆತ ಕಂಡದ್ದನ್ನು ವರದಿ ಮಾಡಬೇಕು. ಮುಂದಿನದು ಸರ್ಕಾರದ ಕೆಲಸ. ಹಿಮಾಲಯದ ಹಿಮದ ಪ್ರಮಾಣ ನೋಡಿ ಮುಂಗಾರನ್ನು ಮುನ್ಸೂಚಿಸುವ ಪ್ರಯತ್ನವನ್ನು ಬ್ಲಾನ್‌ಫರ್ಡ್ ಆರಂಭಿಸಿದ್ದು ಕ್ಷಾಮದ ನಂತರ. ಇಡೀ ದೇಶಕ್ಕೆ ಕ್ರಮಬದ್ಧ ಮುನ್ಸೂಚನೆ ಹೊರಟಿದ್ದು 1886ರಲ್ಲಿ. ಆದರೆ ವರದಿಗಾರ ಎಂಬ ಆ ಚೌಕಟ್ಟು ಮಾತ್ರ ಇಂದಿಗೂ ಉಳಿದಿದೆ.

ಸಲಹೆ ಮತ್ತು ಅಧಿಕಾರದ ನಡುವಿನ ಅಂತರ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಅದೇ ಕ್ಷಾಮದ ಕೂಲಿ ಜಗಳ ತೋರಿಸಿತು. ವೈಸರಾಯ್ ಲಿಟ್ಟನ್ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ಬರಪೀಡಿತ ದಕ್ಷಿಣಕ್ಕೆ ತನ್ನ ಪ್ರತಿನಿಧಿಯಾಗಿ ಕಳಿಸಿದ. ಹೆಸರಿಗೆ ಆತ ಪರಿಶೀಲನೆಗೆ ಬಂದವನು. ಆದರೆ ಹಿಂದೆ ಖಜಾನೆಯ ಬಲವಿದ್ದುದರಿಂದ ಆತನ ಸಲಹೆಯೇ ಆಜ್ಞೆಯಾಯಿತು. ಪರಿಹಾರ ಕಾಮಗಾರಿಯಲ್ಲಿ ಮೈಮುರಿದು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು ಹಣ, ಮೇಲೆ ಒಂದಾಣೆ ಸಾಕೆಂದು ಆತ ಗೊತ್ತುಮಾಡಿದ. ಇದೇ ಟೆಂಪಲ್ ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿ ಜೀವಗಳನ್ನು ಉಳಿಸಿ, ಅದಕ್ಕಾಗಿ ದುಂದುಗಾರನೆಂದು ಬೈಸಿಕೊಂಡಿದ್ದವನು. ಪಾಠವನ್ನು ಸ್ವಲ್ಪ ಅತಿಯಾಗಿಯೇ ಕಲಿತಂತೆ ಕಾಣುತ್ತದೆ.

ಇದನ್ನು ಎದುರಿಸಿದವನು ಮದರಾಸಿನ ಆರೋಗ್ಯಾಡಳಿತದ ಮುಖ್ಯಸ್ಥನಾಗಿದ್ದ ವೈದ್ಯ ಡಬ್ಲ್ಯು. ಆರ್. ಕಾರ್ನಿಷ್. ಮೈ ಬಗ್ಗಿಸಿ ದುಡಿಯುವ ಮನುಷ್ಯನಿಗೆ ಒಂದು ಪೌಂಡ್ ಧಾನ್ಯ ಸಾಲದು, ಸೆರೆಮನೆಯ ಕೈದಿಗೂ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ಆತ ಲೆಕ್ಕ ಸಮೇತ ವಾದಿಸಿದ. ಆತನ ಹತ್ತಿರ ಅಳತೆಯಿತ್ತು, ಅಧಿಕಾರವಿರಲಿಲ್ಲ. ಟೆಂಪಲ್ ಹತ್ತಿರ ಅಧಿಕಾರವಿತ್ತು, ಅಳತೆ ಖಜಾನೆಯದಾಗಿತ್ತು. ಕೆಲವು ತಿಂಗಳಾದ ಮೇಲೆ ಮದರಾಸು ಸರ್ಕಾರ ಕೂಲಿ ಏರಿಸಿ ಕಾರ್ನಿಷ್‌ನ ಕಡೆ ವಾಲಿತು. ಆ ಕೆಲವು ತಿಂಗಳುಗಳಲ್ಲಿ ಕಾಮಗಾರಿಯ ಬಿಡಾರಗಳಲ್ಲಿದ್ದವರ ಪಾಡನ್ನು ಯಾರೂ ಊಹಿಸಿಕೊಳ್ಳಬಹುದು.

ಮೈಸೂರಿಗೆ ಸಂಬಂಧಿಸಿದ ಮೂರನೆಯ ಹೆಸರು ಚಾರ್ಲ್ಸ್ ಎಲಿಯಟ್. 1877ರಲ್ಲಿ ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದುಹೋದ ಸುಮಾರಿನಲ್ಲಿ ಈತ ಮೈಸೂರಿನ ಕ್ಷಾಮ ಕಮಿಷನರನಾಗಿ ನೇಮಕಗೊಂಡ. ಸಂಸ್ಥಾನದ ಕ್ಷಾಮದ ಕುರಿತು ದೊಡ್ಡ ವರದಿಯನ್ನೂ ಬರೆದ. ಮುಂದೆ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷಾಮ ಆಯೋಗಕ್ಕೆ ಈತನೇ ಕಾರ್ಯದರ್ಶಿ. ಅಂದರೆ ಮೈಸೂರಿನಲ್ಲಿ ಕಂಡದ್ದು ಇಡೀ ದೇಶದ ನಿಯಮಗಳೊಳಕ್ಕೆ ಹೋಗಲು ಒಂದು ದಾರಿ ಆಗಿತ್ತು. 1880ರಲ್ಲಿ ಆಯೋಗದ ವರದಿ ಬಂತು. 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು.

ಈ ಸಂಹಿತೆಯ ಜಾಣ್ಮೆಯನ್ನು ಮೆಚ್ಚಲೇಬೇಕು. ಸಲಹೆಗಾರ ಮೇಲೋ ಅಧಿಕಾರಿ ಮೇಲೋ ಎಂಬ ವಾದಕ್ಕೆ ಅದು ಹೋಗಲಿಲ್ಲ. ಇಂಥಿಂಥ ಲಕ್ಷಣ ಕಂಡರೆ ಇಂಥಿಂಥದನ್ನು ಮಾಡತಕ್ಕದ್ದು ಎಂದು ಬರೆಯಿತು. ಧಾನ್ಯದ ಬೆಲೆ ಏರಿತೇ? ಜನ ಗುಳೆ ಹೊರಟರೇ? ಸಣ್ಣಪುಟ್ಟ ಕಳ್ಳತನ ಹೆಚ್ಚಿತೇ? ಹಾಗಾದರೆ ಕಡಿಮೆ ಕೂಲಿಗೆ ಪರೀಕ್ಷಾ ಕಾಮಗಾರಿ ತೆರೆಯಬೇಕು. ಅಷ್ಟು ಕಡಿಮೆ ಕೂಲಿಗೂ ಜನ ಮುಗಿಬಿದ್ದು ಬಂದರೆ ಅದು ಕ್ಷಾಮವೇ. ಕಲೆಕ್ಟರ್ ಮುಂದಿನ ಕ್ರಮ ಕೈಗೊಳ್ಳಬೇಕು. ಇಲ್ಲಿ ಅಳೆಯುವವನು ಬೇರೆ, ಮಾಡುವವನು ಬೇರೆಯಾದರೂ ಅಳತೆಗೂ ಕ್ರಮಕ್ಕೂ ನಡುವೆ ಒಂದು ಹಗ್ಗ ಕಟ್ಟಿತ್ತು.

ಹಗ್ಗದ ಗಂಟು ಎಲ್ಲಿ ಸಡಿಲವಿತ್ತೆಂಬುದು 1943ರಲ್ಲಿ ಗೊತ್ತಾಯಿತು. ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರೂ ಅಲ್ಲಿನ ಸರ್ಕಾರ ಸಂಹಿತೆಯ ಪ್ರಕಾರ ಕ್ಷಾಮವನ್ನು ಸಾರಲೇ ಇಲ್ಲ. ಸಾರಿದರೆ ಪರಿಹಾರ ಕೊಡುವ ಹೊಣೆ ಬೀಳುತ್ತಿತ್ತು. ಎಲ್ಲವೂ ನಿಯಮದಂತೆ ನಡೆಯಬೇಕೆಂದು ಬರೆದರೂ, ಸಾರುವ ಒಂದು ಮಾತನ್ನು ಮಾತ್ರ ಆಳುವವರ ನಾಲಗೆಯಲ್ಲೇ ಬಿಟ್ಟಿದ್ದರ ಫಲ ಅದು.

ಸಂಹಿತೆ ಬರುವುದಕ್ಕೆ ಶತಮಾನಗಳ ಹಿಂದಿನಿಂದ ಈ ಸೀಮೆಯ ಹಳ್ಳಿಗಳಲ್ಲಿ ಬೇರೊಂದು ಏರ್ಪಾಡು ಇತ್ತು. ಕೆರೆಗೊಬ್ಬ ನೀರಗಂಟಿ. ಮುಂಗಾರು ಮುಗಿಯುವ ಹೊತ್ತಿಗೆ ಕೆರೆಯಲ್ಲಿ ನೀರೆಷ್ಟು ನಿಂತಿದೆ, ಅದು ಎಷ್ಟು ಅಚ್ಚುಕಟ್ಟಿಗೆ ಬಂದೀತು ಎಂದು ಅಂದಾಜು ಹೇಳುವವನೂ ಅವನೇ. ತೂಬು ಎತ್ತುವವನೂ, ಇಳಿಸುವವನೂ ಅವನೇ. ನೀರು ಕಡಿಮೆಯಿದ್ದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದು ಊರಿನ ಒಪ್ಪಂದ. ಅದನ್ನು ನಡೆಸುವುದು ಅವನ ಕೆಲಸ. ಕೂಲಿ ಎಂದರೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಬರುವ ಧಾನ್ಯ, ಇಲ್ಲವೇ ಇನಾಮಿನ ತುಂಡು ಭೂಮಿ. ಅಳತೆಯೂ ಅಧಿಕಾರವೂ ಇಲ್ಲಿ ಒಂದೇ ಕೈಯಲ್ಲಿದ್ದವು. ಆದರೂ ಅದು ಕೆಡಲಿಲ್ಲವೆಂದರೆ ಕಾರಣ ಸರಳ: ಅವನು ತಪ್ಪು ಲೆಕ್ಕ ಹೇಳಿದರೆ ಕೆರೆಯ ಏರಿಯ ಮೇಲೆ ನಿಂತವರಿಗೆಲ್ಲ ಅದು ಕಾಣುತ್ತಿತ್ತು.

ಇದನ್ನು ಚಿನ್ನದ ಯುಗವೆಂದು ಹೊಗಳುವುದು ಸರಿಯಲ್ಲ. ನೀರಗಂಟಿ ಸಾಮಾನ್ಯವಾಗಿ ದಲಿತ ಕುಟುಂಬದವನು. ತೂಬು ಅವನ ಕೈಯಲ್ಲಿತ್ತು, ಊರು ಅವನ ಕೈಯಲ್ಲಿರಲಿಲ್ಲ. ಗೌಡರ ಗದ್ದೆ ಒಣಗಲು ಬಿಟ್ಟು ಬಡವನ ಗದ್ದೆಗೆ ನೀರು ಹರಿಸುವಷ್ಟು ಸ್ವಾತಂತ್ರ್ಯ ಅವನಿಗಿತ್ತೆಂದು ನಂಬುವುದು ಕಷ್ಟ. ಆದರೂ ನೀರಿನ ಲೆಕ್ಕ ಬಲ್ಲವನ ಮಾತಿಗೆ ಅದೇ ದಿನ ಪರಿಣಾಮವಿತ್ತು ಎಂಬುದು ನಿಜ.

ಮೈಸೂರು ಸಂಸ್ಥಾನ ಎಷ್ಟು ಕೆರೆಗಳಿಂದ ತುಂಬಿತ್ತೆಂದರೆ, ಹೊಸ ಕೆರೆ ಕಟ್ಟಲು ಜಾಗ ಹುಡುಕಬೇಕಾದರೆ ಬುದ್ಧಿ ಖರ್ಚು ಮಾಡಬೇಕು ಎಂಬರ್ಥದ ಮಾತನ್ನು ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲೇ ಬರೆದಿದ್ದ. ಸಣ್ಣ ಕೆರೆಗಳ ಹೊಣೆಯನ್ನು ರೈತರಿಗೇ ಕೊಡಲು 1911ರಲ್ಲಿ ಕೆರೆ ಪಂಚಾಯಿತಿ ಕಾಯಿದೆಯೂ ಬಂತು. ಸ್ವಾತಂತ್ರ್ಯಾನಂತರ ಗಾಳಿ ತಿರುಗಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಶಾಸನ 1963ರಲ್ಲಿ ಜಾರಿಯಾದಾಗ ಶ್ಯಾನುಭೋಗ, ಪಟೇಲರ ಜೊತೆ ನೀರಗಂಟಿಯ ಹುದ್ದೆಯೂ ಹೋಯಿತು. ವಂಶದ ಹಕ್ಕು ಹೋದದ್ದು ಒಳ್ಳೆಯದೇ. ತೂಬಿನ ಲೆಕ್ಕ ಮಾತ್ರ ಯಾರಿಗೂ ಸೇರದೆ ಉಳಿಯಿತು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಸ್ಥಳೀಯ ಸಂಸ್ಥೆಗಳಿಗೆ ಎಂಬ ಹಂಚಿಕೆಯಾಯಿತು. ಅಂದಿನ ಕೋಲಾರ ಜಿಲ್ಲೆಯೂ ಸೇರಿದಂತೆ ಹಲವೆಡೆ 2002ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ‘ಜಲಸಂವರ್ಧನೆ’ ಯೋಜನೆಯವರು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಹೊರಟಾಗ, ಮುರಿದದ್ದನ್ನೇ ಮತ್ತೆ ಜೋಡಿಸುವ ಯತ್ನ ಅದಾಗಿತ್ತು. ಅಷ್ಟರಲ್ಲಿ ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆಗಳು ಹಲವೆಡೆ ಹೊಲಗಳಾಗಿದ್ದವು.

ಇನ್ನು 1988ಕ್ಕೆ ಬರೋಣ. ಆ ವರ್ಷ ಜಗತ್ತಿನ ಮಟ್ಟದಲ್ಲಿ ಒಂದು, ಕರ್ನಾಟಕದಲ್ಲಿ ಒಂದು, ಹೀಗೆ ಎರಡು ಸಂಸ್ಥೆಗಳು ಹುಟ್ಟಿದವು. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯನ್ನು ರಚಿಸಿದವು. ಕರ್ನಾಟಕ ಸರ್ಕಾರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಬರ ಉಸ್ತುವಾರಿ ಘಟಕವನ್ನು ಆರಂಭಿಸಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಎರಡಕ್ಕೂ ಒಂದೇ ಸ್ವಭಾವ. ಮೊದಲನೆಯದು ನೀತಿಗೆ ಬೇಕಾದ ತಿಳಿವಳಿಕೆ ಕೊಡುತ್ತದೆ, ಇಂಥ ನೀತಿಯನ್ನೇ ಮಾಡಿ ಎನ್ನುವುದಿಲ್ಲ. ಎರಡನೆಯದು ಮಳೆ, ಬೆಳೆ, ತೇವದ ಅಂಕಿ ಕೊಡುತ್ತದೆ, ತೀರ್ಮಾನ ಹೇಳುವುದಿಲ್ಲ. 2007ರಲ್ಲಿ ನಮ್ಮ ಘಟಕ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ದೊಡ್ಡದಾಯಿತು. ಹೆಸರು ಬದಲಾದರೂ ‘ಉಸ್ತುವಾರಿ’ ಎಂಬ ಪದ ಬದಲಾಗಲಿಲ್ಲ.

ಅದರ ಅಂಕಿಗಳು ಯಾವ ಯಾವ ಕೈ ದಾಟಬೇಕು ನೋಡಿ. ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮೊದಲು ಮಳೆಯ ಕೊರತೆ ಮತ್ತು ಸತತ ಒಣಹವೆ ಕಾಣಬೇಕು. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹ ತೋರಿಸುವ ಪೈರಿನ ಸ್ಥಿತಿ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ. ಇವೆಲ್ಲ ಹೌದೆಂದ ಮೇಲೆ ನೂರಕ್ಕೆ 10 ಹಳ್ಳಿಗಳನ್ನು ಆರಿಸಿ ಹೊಲಕ್ಕೆ ಇಳಿದು ನೋಡಬೇಕು. ಬೆಳೆ ನಷ್ಟ ನೂರಕ್ಕೆ 33 ದಾಟಿದರೆ ಸಾಧಾರಣ ಬರ, 50 ದಾಟಿದರೆ ತೀವ್ರ ಬರ. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ಬಾಗಿಲು ತೆರೆಯುವುದು ತೀವ್ರ ಬರಕ್ಕೆ ಮಾತ್ರ. ಈ ಮಾನದಂಡ ಬಿಗಿಯಾಯಿತೆಂದು 2023ರಲ್ಲಿ ರಾಜ್ಯ ಕೇಂದ್ರಕ್ಕೆ ಬರೆದದ್ದೂ ಉಂಟು. ಬರ ಸಾರುವುದು ಸಚಿವ ಸಂಪುಟದ ಉಪಸಮಿತಿ. ಆಮೇಲೆ ಕೇಂದ್ರದ ಅಧ್ಯಯನ ತಂಡ ಬರಬೇಕು. ಅದರ ವರದಿಯನ್ನು ದೆಹಲಿಯ ಸಮಿತಿಗಳು ಪರಿಶೀಲಿಸಬೇಕು.

ತಂಡ ಅಕ್ಟೋಬರ್ 2023ರಲ್ಲಿ ಬಂದುಹೋಯಿತು. ವರದಿ ಕೈಸೇರಿದ ಒಂದು ತಿಂಗಳೊಳಗೆ ಕೇಂದ್ರ ತೀರ್ಮಾನ ಹೇಳಬೇಕಿತ್ತು ಎಂಬುದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕರ್ನಾಟಕದ ವಾದ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಹಣ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಎಂಬುದು ರಾಜಕಾರಣದ ಜಗಳ. ಅದಕ್ಕಿಂತ ಗಮನಿಸಬೇಕಾದ ಮಾತು ಬೇರೆ ಇದೆ. ಮಳೆಮಾಪಕದ ಅಂಕಿಯನ್ನು ಯಾರೂ ಸುಳ್ಳೆನ್ನಲಿಲ್ಲ. ಸತ್ಯವೆಂದು ಒಪ್ಪಿದ ಅಂಕಿಗೆ ಉತ್ತರ ಕೊಡಬೇಕಾದ ಗಡುವು ಇದ್ದದ್ದು ಒಂದು ಕೈಪಿಡಿಯಲ್ಲಿ, ಶಾಸನದಲ್ಲಲ್ಲ.

ಹಾಗಾದರೆ ಇಂಥ ಸಂಸ್ಥೆಗಳಿಗೇ ಅಧಿಕಾರ ಕೊಟ್ಟುಬಿಡಬಾರದೇ? ತಾಲ್ಲೂಕಿನಲ್ಲಿ ಮಳೆ ಇಷ್ಟು ಇಳಿದರೆ ಉಸ್ತುವಾರಿ ಕೇಂದ್ರವೇ ಬರ ಸಾರಲಿ ಎಂಬ ಮಾತು ಕೇಳಲು ಇಂಪಾಗಿದೆ. ಆದರೆ ಅಳೆಯುವ ಸಂಸ್ಥೆಗೆ ದಂಡಾಧಿಕಾರ ಕೊಟ್ಟ ಪ್ರಯೋಗ ಭಾರತದಲ್ಲಿ ಈಗಾಗಲೇ ನಡೆದಿದೆ. ಅದರ ಕಥೆ ಚಿಂತಾಮಣಿಯ ನೆಲದಡಿಯಲ್ಲೇ ಇದೆ.

ಕೆರೆ ಬತ್ತಿದಾಗ ಈ ಸೀಮೆ ಬಾವಿಗೆ ಇಳಿಯಿತು. ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುವ ಕಾಲ ಹೋಗಿ ವಿದ್ಯುತ್ ಪಂಪು ಬಂತು, ತೆರೆದ ಬಾವಿ ಬತ್ತಿ ಕೊಳವೆಬಾವಿ ಬಂತು. ಗ್ರಾನೈಟ್ ಬಂಡೆಯ ಈ ನೆಲದಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಮೇಲಿನ ಬಿರುಕು ಬರಿದಾದಂತೆ ಕೆಳಗಿನದಕ್ಕೆ ಹೋಗಬೇಕು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿತು, ಜೊತೆಗೆ ಫ್ಲೋರೈಡನ್ನೂ ತಂದಿತು. ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು ಎರಡರ ಹಿಂದೆಯೂ ಇರುವುದು ಇದೇ ನೀರು. ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರೆತ್ತುವ ಪ್ರದೇಶವನ್ನು ಅಧಿಕಾರಿಗಳ ಭಾಷೆಯಲ್ಲಿ ‘ಅತಿಬಳಕೆ’ ಪ್ರದೇಶ ಎನ್ನುತ್ತಾರೆ. ಚಿಂತಾಮಣಿ ಮತ್ತು ಅದರ ನೆರೆಯ ತಾಲ್ಲೂಕುಗಳು ಬಹುಕಾಲದಿಂದ ಆ ಪಟ್ಟಿಯಲ್ಲಿವೆ.

ಈ ಪಟ್ಟಿ ತಯಾರಿಸುವುದು ಕೇಂದ್ರ ಅಂತರ್ಜಲ ಮಂಡಳಿ. 1954ರಲ್ಲಿ ಕೊಳವೆಬಾವಿ ಅನ್ವೇಷಣೆಗೆಂದು ಹುಟ್ಟಿದ ಸಂಸ್ಥೆಯೊಂದು 1970ರಲ್ಲಿ ಈ ಹೆಸರು ಪಡೆಯಿತು. ಅಳೆಯುವುದು, ನಕ್ಷೆ ಬರೆಯುವುದು, ಎಚ್ಚರಿಸುವುದು ಅದರ ಕಸುಬು. 1996ರ ಡಿಸೆಂಬರ್ 10ರಂದು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ನೀಡಿತು: ಮಂಡಳಿಗೆ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಪ್ರಾಧಿಕಾರದ ಸ್ಥಾನ ಕೊಡಿ, ಎಗ್ಗಿಲ್ಲದೆ ಕೊರೆಯುವುದನ್ನು ಅದು ತಡೆಯಲಿ. 1997ರ ಜನವರಿ 14ರಂದು ಅಧಿಸೂಚನೆ ಹೊರಟಿತು. ಸಲಹೆಗಾರ ಹೀಗೆ ಅಧಿಕಾರಿಯಾದ.

ಮುಂದೆ ಆದದ್ದೇನು? ಪ್ರಾಧಿಕಾರ ಕಾರ್ಖಾನೆಗಳಿಗೆ ನಿರಾಕ್ಷೇಪಣಾ ಪತ್ರ ಕೊಡುವ ಕಚೇರಿಯಾಯಿತು. 2018ರ ಡಿಸೆಂಬರಿನಲ್ಲಿ ಹೊರಡಿಸಿದ ಹೊಸ ಮಾರ್ಗಸೂಚಿಯನ್ನು ಜಾರಿಮಾಡಕೂಡದೆಂದು ಮರುತಿಂಗಳೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಬೇಕಾಯಿತು. 2020ರ ಮಾರ್ಗಸೂಚಿ ಕೃಷಿಗೆ ಅನುಮತಿಯ ಅಗತ್ಯವೇ ಇಲ್ಲವೆಂದಿತು. ದೇಶದಲ್ಲಿ ಎತ್ತುವ ಅಂತರ್ಜಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೋಗುವುದು ಕೃಷಿಗೆ! ರೈತನ ಮೇಲೆ ಕೋಲೆತ್ತುವುದು ಸರಿಯೆಂದಲ್ಲ. ಅಧಿಕಾರವೆಂಬುದು ಕಾಗದದ ಮೇಲೆ ಎಷ್ಟು ದೊಡ್ಡದಾದರೂ ನಿಜವಾದ ನೀರು ಎಲ್ಲಿ ಹರಿಯುತ್ತದೋ ಅಲ್ಲಿಗೆ ತಲುಪಲಿಲ್ಲ ಎಂಬುದಷ್ಟೇ ಮಾತು.

ಕರ್ನಾಟಕ ತನ್ನದೇ ಅಂತರ್ಜಲ ಶಾಸನವನ್ನು 2011ರಲ್ಲಿ ಮಾಡಿ ತನ್ನದೇ ಪ್ರಾಧಿಕಾರ ರಚಿಸಿತು. ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಬಾವಿ ಕೊರೆಯಲು ಅನುಮತಿ ಬೇಕು, ಕೊರೆಯುವ ಯಂತ್ರಗಳೂ ನೋಂದಣಿಯಾಗಬೇಕು. ಅದೇ ವೇಳೆಗೆ, 2008ರಿಂದ, 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ತು. ಒಂದು ಇಲಾಖೆ ಕೊರೆಯಬೇಡಿ ಎನ್ನುತ್ತದೆ, ಇನ್ನೊಂದು ಎತ್ತಿಕೊಳ್ಳಿ ಎನ್ನುತ್ತದೆ.

ಇನ್ನೂ ಒಂದು ತೊಡಕಿದೆ. ಅಳತೆ ಬರೀ ಅಳತೆಯಾಗಿದ್ದಾಗ ಅದರ ಮೇಲೆ ಯಾರಿಗೂ ಸಿಟ್ಟಿರುವುದಿಲ್ಲ. ‘ಅತಿಬಳಕೆ’ ಎಂಬ ಪದ ನಿಷೇಧದ ಆಜ್ಞೆಯಾದ ದಿನದಿಂದ, ತಾಲ್ಲೂಕನ್ನು ಆ ಪಟ್ಟಿಯಿಂದ ತೆಗೆಸುವುದರಲ್ಲಿ ಹಲವರಿಗೆ ಲಾಭವಿರುತ್ತದೆ. ಪರವಾನಗಿಯ ಮೇಲೆ ಬೀಳಬೇಕಾದ ಒತ್ತಡ ಅಳತೆಪಟ್ಟಿಯ ಮೇಲೆ ಬೀಳತೊಡಗುತ್ತದೆ. ನೀರಗಂಟಿಯ ಲೆಕ್ಕವನ್ನು ಏರಿಯ ಮೇಲೆ ನಿಂತು ನೋಡಬಹುದಿತ್ತು. ಸಾವಿರ ಅಡಿ ಆಳದ ನೀರಿನ ಲೆಕ್ಕವನ್ನು ಪರೀಕ್ಷಿಸಲು ಊರಿನವರಿಗೆ ದಾರಿಯಿಲ್ಲ. ಆದ್ದರಿಂದ ಅಳೆಯುವ ಕೈಯಿಂದ ಕೋಲನ್ನು ದೂರವಿಡುವುದೇ ಲೇಸು. ಸರ್ಕಾರ ಜನರ ಮತ ಪಡೆದು ಬಂದದ್ದು. ತಪ್ಪಿದರೆ ಅದನ್ನು ಇಳಿಸಬಹುದು. ವಿಜ್ಞಾನಿಯನ್ನು ಇಳಿಸುವುದು ಹೇಗೆ? ಇಳಿಸುವಂತಾದರೆ ಆತ ವಿಜ್ಞಾನಿಯಾಗಿ ಉಳಿಯುವುದು ಹೇಗೆ?

ಅಳತೆಯನ್ನೂ ನಿಯಮ ಮಾಡುವ ಅಧಿಕಾರವನ್ನೂ ಒಟ್ಟಿಗೆ ಇಟ್ಟುಕೊಂಡ ಸಂಸ್ಥೆಗಳು ಇಲ್ಲವೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1967ರಲ್ಲಿ ಸ್ಥಾಪಿಸಿದ ವಾಯು ಸಂಪನ್ಮೂಲ ಮಂಡಳಿ ಅಂಥದ್ದು. ಆದರೆ ಅದು ಹಿಡಿಯಬೇಕಾದದ್ದು ಮುಖ್ಯವಾಗಿ ವಾಹನ, ಕಾರ್ಖಾನೆಗಳ ಹೊಗೆಯನ್ನು. ಲಕ್ಷಾಂತರ ಸಣ್ಣ ಹಿಡುವಳಿಗಳ ಪಂಪುಗಳನ್ನಲ್ಲ. ಬ್ರಿಟನ್ನಿನ ದಾರಿ ಬೇರೆ. 2008ರ ಹವಾಮಾನ ಬದಲಾವಣೆ ಕಾಯಿದೆಯಡಿ ಅಲ್ಲಿ ರಚನೆಯಾದ ಸಮಿತಿಗೆ ಯಾವ ಕಾರ್ಯಾಧಿಕಾರವೂ ಇಲ್ಲ, ಯಾರಿಗೂ ದಂಡ ಹಾಕುವಂತಿಲ್ಲ. ಅದು ಐದೈದು ವರ್ಷಗಳ ಇಂಗಾಲದ ಮಿತಿಯನ್ನು ಸೂಚಿಸುತ್ತದೆ, ವರ್ಷಕ್ಕೊಮ್ಮೆ ಸಂಸತ್ತಿಗೆ ವರದಿ ಕೊಡುತ್ತದೆ. ಆದರೆ ಆ ವರದಿಗೆ ಸರ್ಕಾರ ಸಂಸತ್ತಿನಲ್ಲಿ ಉತ್ತರ ಕೊಡಲೇಬೇಕು. ಸಮಿತಿ ಹೇಳಿದ್ದಕ್ಕಿಂತ ಬೇರೆ ಮಿತಿ ಇಟ್ಟರೆ ಕಾರಣವನ್ನು ಪ್ರಕಟಿಸಲೇಬೇಕು. ‘ಪರಿಶೀಲಿಸಲಾಗುವುದು’ ಎಂದು ಬರೆದು ಕಡತ ಮುಚ್ಚುವಂತಿಲ್ಲ. 2050ಕ್ಕೆ ನೂರಕ್ಕೆ 80ರಷ್ಟು ಕಡಿತವೆಂದಿದ್ದ ಗುರಿಯನ್ನು 2019ರಲ್ಲಿ ನಿವ್ವಳ ಶೂನ್ಯಕ್ಕೆ ಏರಿಸಿದ್ದು ಈ ಅಧಿಕಾರವಿಲ್ಲದ ಸಮಿತಿಯ ಸಲಹೆಯಂತೆಯೇ. 1883ರ ಕ್ಷಾಮ ಸಂಹಿತೆ ಕಟ್ಟಿದ್ದ ಹಗ್ಗ, ಗಂಟು ಸ್ವಲ್ಪ ಬಿಗಿಯಾಗಿ, ಇಲ್ಲಿ ಮತ್ತೆ ಕಾಣುತ್ತದೆ.

ಭಾರತದಲ್ಲಿ ಪ್ರಧಾನಿಯವರ ಹವಾಮಾನ ಬದಲಾವಣೆ ಮಂಡಳಿ 2007ರಲ್ಲಿ ರಚನೆಯಾಯಿತು, 2008ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, ರಾಜ್ಯಗಳೂ ತಮ್ಮ ತಮ್ಮ ಯೋಜನೆ ಬರೆದವು. ಯಾವುದಕ್ಕೂ ಇಂಥ ಗಂಟಿಲ್ಲ. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಪ್ರಜೆಯ ಹಕ್ಕೆಂದು 2024ರ ಮಾರ್ಚಿನಲ್ಲಿ ಎಂ. ಕೆ. ರಂಜಿತ್‌ಸಿನ್ಹ ಪ್ರಕರಣದಲ್ಲಿ ಒಪ್ಪಿದ ಸುಪ್ರೀಂ ಕೋರ್ಟು, ದೇಶದಲ್ಲಿ ಈ ಕುರಿತು ಸಮಗ್ರ ಶಾಸನವಿಲ್ಲದಿರುವುದನ್ನೂ ಗುರುತಿಸಿತು. ಅದೇ ತಿಂಗಳಲ್ಲೇ ಕರ್ನಾಟಕ ಬರದ ಹಣಕ್ಕಾಗಿ ಅದೇ ನ್ಯಾಯಾಲಯದ ಬಾಗಿಲಲ್ಲಿ ನಿಂತಿತ್ತು.

ಕೆಳಗೆ ಜಿಲ್ಲೆಯಲ್ಲಿ ಏರ್ಪಾಡು ಹೀಗಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಜಿಲ್ಲಾ ಅಂತರ್ಜಲ ಸಮಿತಿಯ ಅಧ್ಯಕ್ಷರೂ ಅವರೇ. ಬೆಳೆ ನಷ್ಟದ ಜಂಟಿ ಸಮೀಕ್ಷೆ ನಡೆಸುವ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ವರದಿ ಬಂದು ಸೇರುವುದೂ ಅವರ ಮೇಜಿಗೇ. ಚಿಂತಾಮಣಿ ತಾಲ್ಲೂಕಿನ ಯಾವುದೋ ಪಂಚಾಯಿತಿಯ ಮಳೆಮಾಪಕ ಮೂರು ವಾರ ಸೊನ್ನೆ ತೋರಿಸಿದರೆ ಆ ಸೊನ್ನೆ ಯಲಹಂಕಕ್ಕೆ ಹೋಗಿ, ವರದಿಯಾಗಿ, ಅದೇ ಮೇಜಿಗೆ ಮರಳುತ್ತದೆ. ಅದಕ್ಕೆ ಇಷ್ಟು ದಿನದೊಳಗೆ ಲಿಖಿತ ಉತ್ತರ ಬರೆಯಬೇಕೆಂದು 2005ರ ಕಾಯಿದೆಯಾಗಲಿ 2011ರ ಶಾಸನವಾಗಲಿ ಹೇಳುವುದಿಲ್ಲ.